ಹೊಂಡಕ್ಕಿಂತ ಮೊದಲು ಒಡ್ಡು

ಪಾಳುಬಿದ್ದ ಹೊಲವೊಂದನ್ನು ಕೊಂಡು, ಅದರಲ್ಲಿರುವ ಹಳೆಯ ಹೊಂಡವನ್ನು ಮನೆಮಂದಿಯೇ ಸೇರಿ ದುರಸ್ತಿ ಮಾಡಬೇಕೆಂಬ ಹಂಬಲ ಬಾಗಲಕೋಟೆಯ ನವನಗರದಲ್ಲಿ ಹುಟ್ಟುವುದು ಸಹಜವೇ. ಈ ಊರು ಹುಟ್ಟಿದ್ದೇ ನೀರಿನ ದೆಸೆಯಿಂದ. ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿದಾಗ, ಮನೆ ಕಳೆದುಕೊಂಡವರಿಗಾಗಿ ಸೆಕ್ಟರುಗಳ ಈ ಪಟ್ಟಣ ಎದ್ದಿತು. ಮುಳುಗಡೆಯಲ್ಲಿ ಹೊಲ ಹೋದ ಮನೆತನಗಳ ಮಕ್ಕಳು ನೌಕರಿ, ವ್ಯಾಪಾರ ಹಿಡಿದರು. ಹೊಲದ ಆಸೆ ಮಾತ್ರ ಮುಳುಗಲಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದ ಮೇಲೆ, ಒಕ್ಕಲುತನ ಗೊತ್ತಿಲ್ಲದವರಿಗೂ ಹೊಲ ಕೊಳ್ಳುವ ದಾರಿ ತೆರೆಯಿತು.

ಪಾಳು ಹೊಲಗಳಿಗೂ ಇಲ್ಲಿ ಕೊರತೆಯಿಲ್ಲ. 2000ದ ದಶಕದಲ್ಲಿ ದಾಳಿಂಬೆಗೆ ದುಂಡಾಣು ಅಂಗಮಾರಿ ಬಡಿದಾಗ ಈ ಜಿಲ್ಲೆಯ ಎಷ್ಟೋ ರೈತರು ಫಲ ಕೊಡುವ ಗಿಡಗಳನ್ನೇ ಕಿತ್ತು ಹಾಕಿದರು. ಆಮೇಲೆ 2014-15ರಲ್ಲಿ ಬಂದ ಕೃಷಿಭಾಗ್ಯ ಯೋಜನೆಯಲ್ಲಿ ಮಳೆಯಾಶ್ರಿತ ಹೊಲಗಳಲ್ಲಿ ಹೊಂಡಗಳು ತೋಡಲ್ಪಟ್ಟವು. ಕೆಲವು ಇಂದಿಗೂ ಬೆಳೆ ಉಳಿಸುತ್ತಿವೆ. ಕೆಲವುಗಳಲ್ಲಿ ಹರಿದ ಪ್ಲಾಸ್ಟಿಕ್ ಹಾಳೆ, ಮೊಣಕಾಲುದ್ದ ಹೂಳು, ಏರಿಯ ತುಂಬ ಬಳ್ಳಾರಿ ಜಾಲಿ. ಇಂಥ ಹೊಲ ಕೊಂಡ ಕುಟುಂಬ ರವಿವಾರ ಬಂತೆಂದರೆ ಗುದ್ದಲಿ, ಸಲಿಕೆ, ಬುಟ್ಟಿ ಹಿಡಿದು ಹೊರಡುತ್ತದೆ. ನೋಡಿದವರು ಮೆಚ್ಚುತ್ತಾರೆ. ಜಾಲಿ ಮುಚ್ಚಿದ್ದಾಗಿನ ಒಂದು ಚಿತ್ರ, ನೀರು ತುಂಬಿದ ಮೇಲಿನ ಇನ್ನೊಂದು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರೆ ಆ ಕೆಲಸದ ವಿಮರ್ಶೆ ಅಲ್ಲಿಗೇ ಮುಗಿದುಹೋಗುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ತುಂಬಿದ ಹೊಂಡವನ್ನೇ ಗೆಲುವಿನ ಗುರುತೆಂದು ಹಿಡಿದರೆ ಈ ಸೀಮೆಯ ಮಣ್ಣಿಗೂ ಮಳೆಗೂ ಅನ್ಯಾಯ ಮಾಡಿದಂತೆ.

ಸ್ವಂತ ಕೈಯಿಂದ ಬರಡು ನೆಲ ತಿದ್ದಿದವರ ಮಾತು ಬಂದಾಗ ಕರ್ನಾಟಕದಲ್ಲಿ ಮೊದಲು ನೆನಪಾಗುವ ಹೆಸರು ಅಮೈ ಮಹಾಲಿಂಗ ನಾಯ್ಕರದು. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿ ಒಣ ಗುಡ್ಡದ ತುಂಡೊಂದನ್ನು ಪಡೆದ ಈ ಕೂಲಿಕಾರರು ಒಬ್ಬರೇ ಸುರಂಗ ಕೊರೆದರು. ಹಲವು ಸುರಂಗಗಳು ಬರಿದಾದರೂ ಬಿಡದೆ ಕೊರೆದು, ನೀರು ಕಂಡು, ಟಾಂಕಿ ಕಟ್ಟಿ, ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಛಲಕ್ಕೆ ತಲೆಬಾಗಲೇಬೇಕು, ಆದರೆ ವಿಧಾನವನ್ನು ಇಲ್ಲಿಗೆ ತರಲಾಗದು. ಮುರಕಲ್ಲಿನ ಗುಡ್ಡ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಕರಾವಳಿಯ ಮಳೆ ಅಲ್ಲಿಯದು. ಎರಿ ಮತ್ತು ಮಸಾರಿ ನೆಲ, ಐನೂರು ಆರುನೂರು ಮಿಲಿಮೀಟರಿನ ಆಚೀಚೆ ತೂಗುವ ಮಳೆ ಇಲ್ಲಿಯದು. ಅದರಲ್ಲೂ ದೊಡ್ಡ ಪಾಲು ಉತ್ತರಿ, ಹಸ್ತ, ಚಿತ್ತಿ ಮಳೆಗಳಲ್ಲಿ ಕೆಲವೇ ದಿನ ರಪರಪ ಸುರಿದು ಮುಗಿಯುತ್ತದೆ. ಸಾಧಕರ ಕಥೆಗಳಿಂದ ಛಲ ಕಲಿಯಬಹುದು, ನಕ್ಷೆಯನ್ನು ಮಾತ್ರ ನಮ್ಮ ನೆಲದಲ್ಲೇ ಹುಡುಕಬೇಕು.

ಹುಡುಕಿದರೆ ಅದು ಹತ್ತಿರದಲ್ಲೇ ಇದೆ. ಬಾದಾಮಿಯ ಅಗಸ್ತ್ಯತೀರ್ಥವನ್ನು ನೋಡಿ. ಸುತ್ತ ಮರಳುಗಲ್ಲಿನ ಬೆಟ್ಟ. ಬಂಡೆ ನೀರನ್ನು ಅಷ್ಟಾಗಿ ಕುಡಿಯುವುದಿಲ್ಲವಾದ್ದರಿಂದ ಬಿದ್ದ ಮಳೆಯ ದೊಡ್ಡ ಪಾಲು ಜಾರಿ ಕೆಳಗಿನ ಕೆರೆಗೆ ಬರುತ್ತದೆ. ಮಹಾಕೂಟದ ಪುಷ್ಕರಿಣಿಯದು ಬೇರೆಯೇ ದಾರಿ, ಅದಕ್ಕೆ ನೀರು ಬುಗ್ಗೆಯಿಂದ. ಹುನಗುಂದದ ಎರಿ ಹೊಲದ ಹೊಂಡಕ್ಕೆ ಬಂಡೆಯೂ ಇಲ್ಲ, ಬುಗ್ಗೆಯೂ ಇಲ್ಲ. ಅದು ಹೊಲದ ಮೇಲೆ ಹರಿದು ಬರುವ ನೀರನ್ನೇ ನಂಬಿ ಕೂತಿದೆ. ಕೊಂಡ ಹೊಲದಲ್ಲಿರುವುದು ಇವುಗಳಲ್ಲಿ ಯಾವ ಬಗೆಯ ಹೊಂಡ ಎಂದು ತಿಳಿಯದೆ ಗುದ್ದಲಿ ಎತ್ತುವುದು ಈ ಕುಟುಂಬಗಳ ಮೊದಲ ದೋಷ. ಒಂದು ದೊಡ್ಡ ಮಳೆ ಬೀಳುವಾಗ ಕೊಡೆ ಹಿಡಿದು ಹೊಲದಲ್ಲಿ ನಿಂತು, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಏರಿ ಕೊರೆಯುತ್ತದೆ ಎಂದು ನೋಡಿದವರು ಈ ದೋಷಕ್ಕೆ ಬೀಳುವುದಿಲ್ಲ.

ಇನ್ನು ಲೆಕ್ಕ. ಮೇಲ್ಬಾಯಿ 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳ ಕೃಷಿಹೊಂಡಕ್ಕೆ ರೂಢಿಯ ಅಳತೆ. ಅಂಚು ಒಂದಕ್ಕೊಂದರಂತೆ ಇಳಿಜಾರಾಗಿದ್ದರೆ ಅದರಲ್ಲಿ ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ಒಂದು ಎಕರೆಗೆ ಎರಡಿಂಚು ನೀರು ಹಾಯಿಸಲು ಎರಡು ಲಕ್ಷ ಲೀಟರಿಗೂ ಹೆಚ್ಚು ಬೇಕು. ಅಂದರೆ ಇಡೀ ಹೊಂಡ ಒಂದು ಎಕರೆಗೆ ನಾಲ್ಕೈದು ಸಲ ಹಾಯಿಸುವಷ್ಟು ನೀರು. ಅದರಲ್ಲೂ ಬಿಸಿಲಿಗೆ ಪಾಲಿದೆ. ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ ತುಂಬಿದ ಹೊಂಡದಿಂದ 2,200 ಲೀಟರ್ ಹೋಗುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ತುಂಬಿಸುವ ಲೆಕ್ಕವೂ ಹಗುರವಲ್ಲ. ವರ್ಷದ 550 ಮಿಲಿಮೀಟರ್ ಮಳೆಯಲ್ಲಿ ಹತ್ತನೇ ಒಂದು ಪಾಲು ಹರಿದು ಬಂತೆಂದುಕೊಂಡರೂ, ಒಂದು ಸಲ ತುಂಬಲು ಸುಮಾರು ನಾಲ್ಕೂವರೆ ಎಕರೆಯ ನೀರು ಬೇಕು. ಎರಡು ಎಕರೆ ಕೊಂಡವರು ಇಷ್ಟು ದೊಡ್ಡ ಹೊಂಡಕ್ಕೆ ಹೊಸ ಹಾಳೆ ಹೊದಿಸಿದರೆ, ಪಕ್ಕದವರ ಹೊಲದ ನೀರಿಗೋ ಬೋರ್‌ವೆಲ್ಲಿಗೋ ಕೈಚಾಚಬೇಕಾಗುತ್ತದೆ. ನೆಲದಾಳದ ನೀರನ್ನು ಎತ್ತಿ ಬಿಸಿಲಿಗೆ ಹರವುವ ಹೊಂಡಕ್ಕೆ ಮಳೆನೀರು ಕೊಯ್ಲಿನ ಹೆಸರು ಒಪ್ಪುವುದಿಲ್ಲ.

ಈಗ ಅದೇ ಲೆಕ್ಕವನ್ನು ಮಣ್ಣಿಗೆ ಹಾಕಿ ನೋಡೋಣ. ಒಳ್ಳೆಯ ಎರಿಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ಒದಗುವಂತೆ 150 ಮಿಲಿಮೀಟರಿಗೂ ಹೆಚ್ಚು ನೀರು ಹಿಡಿದಿಟ್ಟುಕೊಳ್ಳುತ್ತದೆ. ಎಕರೆಗೆ ಆರು ಲಕ್ಷ ಲೀಟರ್! ಐದು ಎಕರೆಯಾದರೆ ಮೂರು ಹೊಂಡಗಳ ನೀರು. ಇದನ್ನು ಎತ್ತಲು ಪಂಪ್ ಬೇಡ, ಹೊದಿಸಲು ಹಾಳೆ ಬೇಡ. ಹಿಂಗಾರಿ ಬಿಳಿಜೋಳ, ಕಡಲೆ ಮಳೆ ನಿಂತ ಮೇಲೆಯೂ ತೆನೆಗಟ್ಟುವುದು ಈ ಹಸಿಯ ಮೇಲೆಯೇ. ಆದರೆ ರಪರಪ ಸುರಿಯುವ ಮಳೆ ಮಣ್ಣಿಗೆ ಇಳಿಯಬೇಕಾದರೆ ಅದು ಹೊಲದಲ್ಲಿ ಕೆಲಹೊತ್ತು ತಂಗಬೇಕು. ತಂಗಿಸುವುದು ಒಡ್ಡಿನ ಕೆಲಸ.

ಈ ವಿದ್ಯೆಯಲ್ಲಿ ಹುನಗುಂದಕ್ಕೆ ತನ್ನದೇ ಹೆಸರಿದೆ. ಅಲ್ಲಿನ ನಾಗರಾಳ ಮನೆತನದವರು ತಲೆಮಾರುಗಳಿಂದ ಎರಿ ಹೊಲಗಳಿಗೆ ಒಡ್ಡು ಹಾಕಿ, ಮಟ್ಟ ಮಾಡಿ, ಹೆಚ್ಚಾದ ನೀರು ಒಡ್ಡನ್ನು ಕೊರೆಯದೆ ಕೆಳಗಿನ ಹೊಲಕ್ಕೆ ಇಳಿಯುವಂತೆ ಕಲ್ಲಿನ ಗುಂಡಾವರ್ತಿ ಕಟ್ಟುತ್ತ ಬಂದವರು. ಮೇಲಿನ ಹೊಲದ ನೀರು ಅಲ್ಲಿ ತಂಗಿ, ಮಣ್ಣನ್ನು ಅಲ್ಲೇ ಇಳಿಸಿ, ಮಿಕ್ಕಷ್ಟೇ ಮುಂದೆ ಹೋಗುತ್ತದೆ. ಕೊರಕಲು ಬಿದ್ದ ಜಾಗಗಳೂ ವರ್ಷವರ್ಷಕ್ಕೆ ಹೂಳು ಹಿಡಿದು ಬಿತ್ತುವ ನೆಲವಾಗುತ್ತವೆ. ಒಂದು ಮನೆಯ ಮಂದಿ ತಮ್ಮ ಹೊಲವನ್ನು ತಾವೇ ತಿದ್ದುವ ಕೆಲಸಕ್ಕೆ ಈ ಜಿಲ್ಲೆಯಲ್ಲಿ ಇದಕ್ಕಿಂತ ಗಟ್ಟಿಯಾದ ಮಾದರಿ ನನಗೆ ಕಾಣದು. ಫೋಟೋಕ್ಕೆ ಇದು ಸಿಗುವುದಿಲ್ಲ. ಮಟ್ಟಸ ಹೊಲ, ಮೊಳಕಾಲೆತ್ತರದ ಮಣ್ಣಿನ ಗೆರೆ, ಮೂಲೆಯಲ್ಲಿ ಒಂದಿಷ್ಟು ಕಲ್ಲು. ಮೆಚ್ಚುಗೆ ಗಿಟ್ಟದಿರುವುದಕ್ಕೆ ಅದೂ ಒಂದು ಕಾರಣವಿರಬೇಕು.

ಇಲ್ಲಿ ಒಂದು ಇಕ್ಕಟ್ಟಿದೆ. ಮೇಲೆ ಒಡ್ಡು ಹಾಕಿದರೆ ಕೆಳಗೆ ಹೊಂಡಕ್ಕೆ ಬರುವ ನೀರು ಕಡಿಮೆಯಾಗುತ್ತದೆ. ಒಡ್ಡಿಗೂ ಹೊಂಡಕ್ಕೂ ಕಣ್ಣು ಒಂದೇ ಮಳೆಯ ಮೇಲೆ. ನನ್ನ ಮಟ್ಟಿಗೆ ಎರಿ ಹೊಲದಲ್ಲಿ ಮೊದಲ ಹಕ್ಕು ಮಣ್ಣಿನದು, ಮಿಕ್ಕಿದ್ದು ಹೊಂಡಕ್ಕೆ. ಸಾಧಾರಣ ಮಳೆಗೆ ಅರ್ಧ ತುಂಬಿ, ಜೋರು ಮಳೆಗೆ ತುಂಬಿ, ಕಾಳು ಕಟ್ಟುವ ಹೊತ್ತಿಗೆ ಒಂದು ಸಲ ಜೀವನೀರು ಕೊಟ್ಟರೆ ಆ ಹೊಂಡ ತನ್ನ ಕೆಲಸ ಮಾಡಿದಂತೆ. ಅದು ಮೊದಲ ಮಳೆಗೇ ಗಡಗಡ ತುಂಬಿ, ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಸಂಭ್ರಮಿಸುವಂಥದ್ದೇನೂ ಇಲ್ಲ. ಹೊಲದ ಮೇಲ್ಮಣ್ಣು ಕಿತ್ತುಬಂದು ಅಲ್ಲಿ ಕೂತಿದೆ. ತೆಳುವಾದ ಮಸಾರಿಯಲ್ಲಿ, ಗರಸಿನಲ್ಲಿ ಈ ಮಾತು ಇಷ್ಟು ಕಟ್ಟುನಿಟ್ಟಾಗಿ ಸಲ್ಲದು. ಅಲ್ಲಿ ಮಣ್ಣಿನ ಹೊಟ್ಟೆ ಚಿಕ್ಕದು, ನೀರು ಬೇಗ ಬಸಿಯುತ್ತದೆ. ಹೊಂಡಕ್ಕೂ ಹಾಳೆಗೂ ಅರ್ಥವಿರುವುದು ಅಂಥ ನೆಲದಲ್ಲಿ. ಆದರೆ ಹಾಳೆ ಹೊದಿಸಿದ ಹೊಂಡದಿಂದ ಅಂತರ್ಜಲ ಏರದು. ಎರಡೂ ಲಾಭ ಒಟ್ಟಿಗೆ ಸಿಗುತ್ತವೆಂದು ನಂಬಿದವರು ಪ್ಲಾಸ್ಟಿಕ್ ಯಾಕಿದೆ ಎಂಬುದನ್ನೇ ಮರೆತಿರುತ್ತಾರೆ.

ಹಾಗಾದರೆ ಮನೆಮಂದಿಯ ಕೈಗೆ ದಕ್ಕುವ ಕೆಲಸ ಯಾವುದು? ಸ್ವಂತ ದುಡಿಮೆಯ ಬಗ್ಗೆ ನಮ್ಮಲ್ಲಿ ಎರಡು ಅತಿಗಳಿವೆ. ಎಲ್ಲವನ್ನೂ ಕೈಯಲ್ಲೇ ಮಾಡುತ್ತೇವೆಂಬ ಹಟ ಒಂದು, ಒಂದೇ ದಿನ ಜೆಸಿಬಿ ತಂದು ಮುಗಿಸಿಬಿಡುವ ಅವಸರ ಇನ್ನೊಂದು. ಮೇಲೆ ಹೇಳಿದ ಅಳತೆಯ ಹೊಂಡದ ತಳ 15 ಮೀಟರ್ ಚೌಕ. ಅಲ್ಲಿಂದ ಒಂದಡಿ ಹೂಳು ತೆಗೆದರೂ ಅದು ಸುಮಾರು 24 ಬ್ರಾಸ್ ಆಗುತ್ತದೆ. ಬುಟ್ಟಿಯಲ್ಲಿ ಹೊತ್ತು ಮುಗಿಯುವ ಕೆಲಸವಲ್ಲ ಅದು, ಅಲ್ಲಿ ಯಂತ್ರಕ್ಕೆ ನಾಚಬೇಕಿಲ್ಲ. ಆದರೆ ಹಾಳೆಯಿದ್ದ ಹೊಂಡಕ್ಕೆ ಯಂತ್ರದ ಹಲ್ಲು ತಗುಲಿದರೆ ಹಾಳೆಯ ಕಥೆ ಮುಗಿಯಿತು. ತೆಗೆದ ಗೋಡುಮಣ್ಣನ್ನು ಏರಿಯ ಮೇಲೆ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಅದು ಮತ್ತೆ ಒಳಗಿರುತ್ತದೆ. ಹೊಲಕ್ಕೆ ಹರಡಿದರೆ ಗೊಬ್ಬರ. ಯಂತ್ರ ಹೋದ ಮೇಲೆ ಈ ಗೋಡು ಎಲ್ಲಿ ಹೋಯಿತು ಎಂದು ನೋಡಿದರೆ ಮಾಲಕರಿಗೆ ಒಕ್ಕಲುತನ ಎಷ್ಟು ತಿಳಿದಿದೆ ಎಂಬುದು ಗೊತ್ತಾಗಿಬಿಡುತ್ತದೆ.

ಕೈಗೆಲಸ ಬೆಲೆಬಾಳುವುದು ಯಂತ್ರ ಮಾಡಲಾರದ ಕಡೆ. ಎರಿಮಣ್ಣಿನ ಏರಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೊದಲ ಮಳೆಯ ನೀರು ಆ ಬಿರುಕಿನಲ್ಲೇ ದಾರಿ ಮಾಡಿಕೊಂಡು ಏರಿಯನ್ನು ಒಳಗಿನಿಂದ ಕೊರೆಯುತ್ತದೆ. ಮಳೆಗಾಲಕ್ಕೆ ಮುಂಚೆ ಬಿರುಕು ತುಂಬಿ, ನೀರು ಚಿಮುಕಿಸಿ, ದಮ್ಮಸು ಮಾಡಿ, ಮೇಲೆ ಗರಸು ಹೊದಿಸುವುದು ಪ್ರತಿ ವರ್ಷದ ಕೆಲಸ. ನೀರು ಒಳಬರುವ ಬಾಯಿಗೆ ಒಂದು ಹೂಳುಗುಂಡಿ ತೋಡಿ, ಪ್ರತಿ ದೊಡ್ಡ ಮಳೆಯಾದ ಮೇಲೆ ಬಳಿಯಬೇಕು. ಹೆಚ್ಚಾದ ನೀರು ಹೊರಬೀಳುವ ಕೋಡಿಗೆ ಕಲ್ಲು ಜೋಡಿಸಬೇಕು. ಏರಿಯ ಹೊರಮೈಗೆ ಕರಿಕೆ, ಲಾವಂಚ ಹಚ್ಚಬೇಕು. ಬಳ್ಳಾರಿ ಜಾಲಿಯನ್ನು ಬುಡ ಸಮೇತ ಅಗೆದು ಕೀಳಬೇಕು, ಕಡಿದು ಬಿಟ್ಟರೆ ಬೊಡ್ಡೆಯಿಂದ ಹತ್ತು ಚಿಗುರು ಬರುತ್ತವೆ. ಈ ಕೆಲಸಗಳಿಗೆ ಕೂಲಿ ಆಳು ಸಿಕ್ಕರೂ ಕಾಳಜಿ ಸಿಗುವುದು ಕಷ್ಟ. ಹೊಲದಲ್ಲಿ ಓಡಾಡುವ ಮನೆಯವರ ಕಣ್ಣಿಗೆ ಮಾತ್ರ ಇಲಿಯ ಬಿಲವೂ ಏರಿಯ ತೇವವೂ ಹೊತ್ತಿಗೆ ಮುಂಚೆ ಕಾಣುತ್ತವೆ.

ಈ ಕೆಲಸದಲ್ಲಿ ಕ್ಷಮಿಸಲಾಗದ ಕೊರತೆ ಒಂದಿದೆ. ಹಾಳೆ ಹೊದಿಸಿದ ಹೊಂಡದ ಇಳಿಜಾರು ಪಾಚಿ ಕಟ್ಟಿದ ಮೇಲೆ ಈಜು ಬಲ್ಲವರನ್ನೂ ಮೇಲೇರಲು ಬಿಡುವುದಿಲ್ಲ. ಕೃಷಿಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಒಬ್ಬರನ್ನು ಉಳಿಸಲು ಇಳಿದ ಇನ್ನೊಬ್ಬರೂ ಮುಳುಗಿದ್ದಾರೆ. ಕೃಷಿಭಾಗ್ಯ ಮೊದಲು ಬಂದಾಗ ಹೊಂಡ, ಹಾಳೆ, ಪಂಪಿಗೆ ಸಿಕ್ಕ ಲಕ್ಷ್ಯ ಬೇಲಿಗೆ ಸಿಗಲಿಲ್ಲ. ನಡುವೆ ನಿಂತ ಯೋಜನೆ 2023-24ರಲ್ಲಿ ಮರಳಿದಾಗ ತಂತಿಬೇಲಿಯೂ ಸೇರಿತು. ಸರ್ಕಾರ ತಡವಾಗಿ ಕಲಿತ ಪಾಠವನ್ನು ರವಿವಾರ ಮಕ್ಕಳನ್ನು ಕರೆದುಕೊಂಡು ಹೋಗುವ ಕುಟುಂಬ ಮೊದಲ ದಿನವೇ ಪಾಲಿಸಬೇಕು. ಬೇಲಿ, ಬೀಗವಿರುವ ಗೇಟು, ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಹಳೆಯ ಟ್ಯೂಬು, ಇವಿಷ್ಟು ಇರದ ಹೊಂಡ ಎಷ್ಟೇ ಚಂದವಿದ್ದರೂ ನಾನು ಅದನ್ನು ಪೂರ್ತಿಯಾದ ಕೆಲಸವೆಂದು ಎಣಿಸಲಾರೆ.

ಕಾಗದದ ಮಾತೂ ಇದೆ. ಉತಾರ ನೋಡಿ ಹೊಲ ಕೊಂಡವರು ನಕ್ಷೆ ನೋಡಿರುವುದಿಲ್ಲ. ಹೊಲದ ನಡುವಿನ ತಗ್ಗು ಸರ್ಕಾರಿ ಹಳ್ಳವೋ, ಊರ ಕೆರೆಯ ಕಾಲುವೆಯೋ ಆಗಿದ್ದರೆ ಅದನ್ನು ಹೊಂಡ ಮಾಡಿ ಕಟ್ಟಿ ನಿಲ್ಲಿಸುವ ಹಕ್ಕು ಮಾಲಕರಿಗಿಲ್ಲ. ಕೆಳಗಿನ ರೈತರ ಪಾಲಿನ ನೀರನ್ನು ತಡೆದು ಎಬ್ಬಿಸಿದ ಹಸಿರನ್ನು ಪುನಶ್ಚೇತನ ಎನ್ನಲಾಗದು.

ಒಟ್ಟಾರೆ ಮನೆಮಂದಿಯೇ ಸೇರಿ ಪಾಳು ಹೊಲ ತಿದ್ದುವ ಈ ಪದ್ಧತಿಯನ್ನು ನಾನು ಒಪ್ಪುತ್ತೇನೆ, ಅದರ ಅನುಕ್ರಮವನ್ನಲ್ಲ. ಈಗ ಮೊದಲು ಹೊಂಡ, ಆಮೇಲೆ ತೋಟ, ದುಡ್ಡು ಮಿಕ್ಕರೆ ಒಡ್ಡು, ಅನಾಹುತವಾದ ಮೇಲೆ ಬೇಲಿ. ಇದನ್ನು ತಿರುವಿ ಹಾಕಬೇಕು. ಮೊದಲ ವರ್ಷ ನೀರಿನ ದಾರಿ ನೋಡುವುದು, ನಕ್ಷೆ ತರಿಸುವುದು, ಬೇಲಿ ಹಾಕುವುದು, ಜಾಲಿ ಕೀಳುವುದು. ಎರಡನೇ ವರ್ಷ ಒಡ್ಡು, ಗುಂಡಾವರ್ತಿ. ಮೂರನೇ ವರ್ಷ, ಒಡ್ಡು ದಾಟಿ ಬರುವ ನೀರು ಎಷ್ಟೆಂದು ತಿಳಿದ ಮೇಲೆ ಅಷ್ಟಕ್ಕೇ ತಕ್ಕ ಹೊಂಡ. ಹಳೆಯ ಹೊಂಡ ದೊಡ್ಡದಾಗಿದ್ದರೆ ಅರ್ಧ ಹೂಳನ್ನು ಹಾಗೇ ಬಿಟ್ಟರೂ ನಷ್ಟವಿಲ್ಲ. ಹೀಗೆ ಮಾಡಿದ ಕುಟುಂಬಕ್ಕೆ ಎರಡು ವರ್ಷ ತೋರಿಸಲು ಏನೂ ಇರುವುದಿಲ್ಲ. ಮಳೆ ಕೈಕೊಟ್ಟ ನಾಲ್ಕನೇ ವರ್ಷ ಪಕ್ಕದ ಹೊಲದ ಜೋಳ ಬಾಡುವಾಗ ಅವರ ಜೋಳ ನಿಂತಿದ್ದರೆ, ಆ ದುಡಿಮೆಗೆ ಬೇರೆ ವಿಮರ್ಶೆ ಬೇಕಾಗಲಾರದು.