ತುಘಲಕ್‌ನ ಪಕ್ಕದಲ್ಲಿ ಕೂತವರು

ಕಳೆದ ಲೋಕಸಭಾ ಚುನಾವಣೆಯ ದಿನಗಳಲ್ಲಿ ಪುಣೆಯ ನಮ್ಮ ಕನ್ನಡ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದೇ ದಿನ ಎರಡು ಸಲ ‘ತುಘಲಕ್ ದರ್ಬಾರು’ ಎಂಬ ಮಾತು ಬಂತು. ಬೆಳಿಗ್ಗೆ ಬರೆದವರು ದಿಲ್ಲಿ ಸರ್ಕಾರವನ್ನು ಬೈದಿದ್ದರು, ರಾತ್ರಿ ಬರೆದವರು ಬೆಂಗಳೂರಿನ ಸರ್ಕಾರವನ್ನು. ಇಬ್ಬರೂ ಕಾರ್ನಾಡರ ನಾಟಕ ಓದಿದವರು. ಒಬ್ಬರಂತೂ ಧಾರವಾಡದಲ್ಲಿ ಕಾಲೇಜು ಓದುವಾಗ ಅದರಲ್ಲಿ ಅಜೀಜನ ಪಾತ್ರ ಮಾಡಿದವರು. ಆ ರಾತ್ರಿಯಿಂದ ಅವರಿಬ್ಬರ ನಡುವೆ ಮಾತು ನಿಂತಿದೆ. ಹದಿನೈದು ವರ್ಷ ಒಂದೇ ಕಾರಿನಲ್ಲಿ ಹಿಂಜೆವಾಡಿಗೆ ಹೋಗಿ ಬಂದವರು.

ಅಲ್ಲಿಂದಾಚೆ ನಾನು ನಾಟಕವನ್ನು ಮತ್ತೆ ಎತ್ತಿಕೊಂಡೆ. ನನ್ನಲ್ಲಿರುವುದು ಧಾರವಾಡದ ಮನೋಹರ ಗ್ರಂಥಮಾಲೆಯ ಪ್ರತಿ. ಎಂ.ಟೆಕ್ ಮಾಡುವಾಗ ಕೊಂಡದ್ದು, ಹಾಸ್ಟೆಲಿನ ಚಹಾದ ಕಲೆ ಇನ್ನೂ ಇದೆ. ನಾಟಕ ಬಂದದ್ದು 1964ರಲ್ಲಿ. ಕಾರ್ನಾಡರಿಗೆ ಆಗ 26 ವರ್ಷ. ಆಕ್ಸ್‌ಫರ್ಡಿನಿಂದ ಮರಳಿ ಮದರಾಸಿನ ಒಂದು ಪ್ರಕಾಶನ ಸಂಸ್ಥೆಯಲ್ಲಿ ನೌಕರಿಗಿದ್ದರು. ಅಂದರೆ ನಮ್ಮ ಹಾಗೆಯೇ ಹೊರನಾಡಿನಲ್ಲಿ ಸಂಬಳಕ್ಕಿದ್ದವರು. ಅದೇ ವರ್ಷ ನೆಹರೂ ತೀರಿಕೊಂಡರು. ಆದರ್ಶದಿಂದ ಶುರುವಾಗಿ ಹತಾಶೆಯಲ್ಲಿ ಮುಗಿಯುವ ಈ ಸುಲ್ತಾನನ ಕಥೆಗೂ ನೆಹರೂ ಕಾಲಕ್ಕೂ ಇರುವ ಹೋಲಿಕೆಯನ್ನು ಕಾರ್ನಾಡರೇ ಹೇಳಿಕೊಂಡಿದ್ದಾರೆ. ವಿಮರ್ಶಕರು ಆ ದಾರಿಯಲ್ಲೇ ಬಹಳ ದೂರ ಹೋದರು. ಆಮೇಲೆ ಬಂದ ಪ್ರತಿ ತಲೆಮಾರೂ ತನ್ನ ಕಾಲದ ಒಬ್ಬ ಆಳುವವನನ್ನು ಆ ಸಿಂಹಾಸನದ ಮೇಲೆ ಕೂರಿಸಿ ನಾಟಕ ನೋಡಿತು. ಕೊನೆಗೆ ಹೆಸರು ಬೈಗುಳವಾಯಿತು. ಬೈಗುಳವಾದ ಮೇಲೆ ಪುಸ್ತಕ ತೆರೆಯುವ ಗರಜೇನಿದೆ?

ಈ ಓದಿನಲ್ಲಿ ತುಘಲಕ್‌ನ ಒಂಟಿತನಕ್ಕೆ ಸಿದ್ಧ ಉತ್ತರವೊಂದಿದೆ: ಅವನು ಕಾಲಕ್ಕಿಂತ ಮುಂದಿದ್ದ, ಸುತ್ತಲಿನವರಿಗೆ ಅರ್ಥವಾಗಲಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ನಾನೂ ಇದನ್ನು ನಂಬಿದ್ದೆ. (ಆ ವಯಸ್ಸಿನಲ್ಲಿ ತಾನೇ ಕಾಲಕ್ಕಿಂತ ಮುಂದಿದ್ದೇನೆ ಅಂದುಕೊಳ್ಳದವರು ಯಾರು?) ನಲವತ್ತು ದಾಟಿ, 14 ಜನರ ತಂಡವನ್ನು ಹೆಗಲ ಮೇಲೆ ಹೊತ್ತುಕೊಂಡು ಓದಿದಾಗ ನಾಟಕ ಬೇರೆಯೇ ಏನನ್ನೋ ಹೇಳುತ್ತಿದೆ ಅನ್ನಿಸಿತು. ಸುಲ್ತಾನ ಅರ್ಥವಾಗುವುದು ಸುಲ್ತಾನನ ಮಾತಿನಿಂದ ಅಷ್ಟಾಗಿ ಅಲ್ಲ, ಅವನ ಪಕ್ಕದಲ್ಲಿ ಕೂತವರ ಬಾಯಿ ಹೇಗೆ ಕಟ್ಟಿತು ಎನ್ನುವುದರಿಂದ.

ಎರಡನೆಯ ದೃಶ್ಯವನ್ನೇ ನೋಡಿ. ಸುಲ್ತಾನ ಒಬ್ಬನೇ ಚದುರಂಗದ ಹಾಸಿನ ಮುಂದೆ ಕೂತಿದ್ದಾನೆ. ಹಳೆಯ ಪಂಡಿತರಿಗೂ ಬಗೆಹರಿಯದ ಒಂದು ಸಮಸ್ಯೆಯನ್ನು ಬಿಡಿಸಿದ್ದಾನೆ, ಆ ಖುಷಿಯಲ್ಲಿದ್ದಾನೆ. ಇದು ಯಾರಿಗೆ ತಿಳಿಯುತ್ತದೆ? ಮಲತಾಯಿ ಗೆಳೆಯನ ಹೆಸರು ನೆನಪಿಸುತ್ತಾಳೆ. ಐನ್-ಉಲ್-ಮುಲ್ಕ್‌ನಿಗೆ ಬರೆದು ತಿಳಿಸಬಾರದೆ, ಅವನಿಗೆ ಚದುರಂಗವೆಂದರೆ ಪ್ರಾಣ. ಆಗ ಗೊತ್ತಾಗುತ್ತದೆ, ಆ ಗೆಳೆಯ ಸೈನ್ಯ ಕಟ್ಟಿಕೊಂಡು ದಿಲ್ಲಿಯ ಮೇಲೆ ಏರಿ ಬರುತ್ತಿದ್ದಾನೆ. ಒಂಟಿತನದ ಬಗ್ಗೆ ಕನ್ನಡ ನಾಟಕದಲ್ಲಿ ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದ್ದನ್ನು ನಾನು ಓದಿಲ್ಲ. ತನ್ನ ಆಟ ಅರ್ಥವಾಗುವ ಒಬ್ಬನೇ ಒಬ್ಬ ಎದುರು ಪಾಳೆಯದಲ್ಲಿದ್ದಾನೆ. ರಾಜಕೀಯ ಮನಸ್ತಾಪದಲ್ಲಿ ಹಳೆಯ ಸ್ನೇಹಿತನನ್ನು ಕಳೆದುಕೊಂಡವರು ಈ ಪುಟದ ಹತ್ತಿರ ಒಂದು ಕ್ಷಣ ನಿಲ್ಲದೆ ಮುಂದೆ ಹೋಗಲಾರರು.

ಆದರೆ ಇಲ್ಲಿ ಮರುಗಿ ನಿಂತುಬಿಟ್ಟರೆ ಕಾರ್ನಾಡರ ಬಲೆಗೆ ಬಿದ್ದ ಹಾಗೆ. ಮುಂದಿನ ದೃಶ್ಯದಲ್ಲಿ ಸುಲ್ತಾನ ತನ್ನ ಕಟು ಟೀಕಾಕಾರ ಶೇಖ್ ಇಮಾಮುದ್ದೀನನನ್ನು ದಿಲ್ಲಿಗೆ ಕರೆಸಿ, ನನ್ನನ್ನು ಬಯಲಲ್ಲಿ ನಿಂತು ಟೀಕಿಸಿ, ಇಡೀ ಊರು ಕೇಳಲಿ ಎಂದು ಏರ್ಪಾಟು ಮಾಡುತ್ತಾನೆ. ಎಂಥ ದೊಡ್ಡ ಮನಸ್ಸು! ಆದರೆ ಸಭೆಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಆಮೇಲೆ ತಿಳಿಯುತ್ತದೆ, ಯಾರೂ ಹೊರಗೆ ಬರದಂತೆ ಸೈನಿಕರು ಮನೆ ಮನೆಗೆ ಹೋಗಿ ಎಚ್ಚರಿಸಿದ್ದರು. ಖಾಲಿ ಬಯಲಿನಲ್ಲಿ ನಿಂತ ಶೇಖನನ್ನು ಮಾತಿನಲ್ಲಿ ಒಲಿಸಿ, ಸಂಧಾನಕ್ಕೆಂದು ರಾಜಪೋಷಾಕು ತೊಡಿಸಿ ಕಳಿಸುತ್ತಾನೆ. ನೋಡಲು ಸುಲ್ತಾನನಂತೆಯೇ ಇರುವ ಶೇಖ ಸುಲ್ತಾನನ ಸಾವು ಸಾಯುತ್ತಾನೆ. ಒಂದೇ ಏಟಿಗೆ ಟೀಕಾಕಾರನೂ ಹೋದ, ದಂಗೆಯೂ ಮುಗಿಯಿತು. ನಾವು ಆಫೀಸಿನಲ್ಲಿ ‘ಓಪನ್ ಹೌಸ್’ ಎಂದು ಕರೆಯುವ ಸಭೆಗಳನ್ನು ನೆನೆಸಿಕೊಂಡು ಮೊದಲು ನಕ್ಕೆ. ಯಾರು ಬೇಕಾದರೂ ಏನು ಬೇಕಾದರೂ ಕೇಳಬಹುದು, ಪ್ರಶ್ನೆಗಳನ್ನು ಮಾತ್ರ ಮುಂಚೆಯೇ ಕಳಿಸಬೇಕು. ಅಂಥ ಸಭೆಗಳನ್ನು ನಾನೂ ನಡೆಸಿದ್ದೇನೆ ಎಂಬುದು ನೆನಪಾದ ಮೇಲೆ ನಗು ನಿಂತಿತು.

ಪ್ರಾರ್ಥನೆಯ ಪ್ರಸಂಗ ಇನ್ನೂ ಹತ್ತಿರದ್ದು. ನಾಟಕದ ಮೊದಲಲ್ಲಿ ಐದು ಹೊತ್ತಿನ ಪ್ರಾರ್ಥನೆ ಕಡ್ಡಾಯ, ತಪ್ಪಿದರೆ ಶಿಕ್ಷೆ ಎಂಬ ಕಾನೂನಿದೆ. ಅಮೀರರು ಆ ಪ್ರಾರ್ಥನೆಯ ಹೊತ್ತನ್ನೇ ಸುಲ್ತಾನನ ಕೊಲೆಗೆ ಆರಿಸಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅರಮನೆಯಲ್ಲಿ ಯಾರ ಕೈಯಲ್ಲೂ ಆಯುಧ ಇರುವುದಿಲ್ಲವಲ್ಲ. ಸಂಚು ಬಯಲಾಗುತ್ತದೆ. ತನ್ನನ್ನು ನಂಬಿ ಬಂದಿದ್ದ ಶಿಹಾಬುದ್ದೀನನನ್ನು ಸುಲ್ತಾನ ಕೈಯಾರೆ ಇರಿಯುತ್ತಾನೆ. ಆಮೇಲೆ ಹೊರಡಿಸುವ ಆಜ್ಞೆ ಏನು? ಇನ್ನು ಮೇಲೆ ರಾಜ್ಯದಲ್ಲಿ ಪ್ರಾರ್ಥನೆಯೇ ಬೇಡ. ರಾಜಕೀಯದಿಂದ ಮಲಿನವಾಯಿತೇ, ಹಾಗಿದ್ದರೆ ಪ್ರಾರ್ಥನೆಯನ್ನೇ ತೆಗೆದುಬಿಡೋಣ.

ಹೋದ ವರ್ಷ ನಾನೂ ಇಂಥದೊಂದು ಆಜ್ಞೆ ಹೊರಡಿಸಿದೆ. ತಂಡದ ಇಬ್ಬರು ಹುಡುಗರು, ಒಬ್ಬ ನಾಂದೇಡದವನು, ಇನ್ನೊಬ್ಬ ಲಖನೌದವನು, ಚುನಾವಣೆಯ ಒಂದು ವ್ಯಂಗ್ಯಚಿತ್ರದ ಮೇಲೆ ಗ್ರೂಪಿನಲ್ಲೇ ಜಗಳಾಡಿದರು. ಒಬ್ಬ ಬರೆದ ಕೋಡನ್ನು ಇನ್ನೊಬ್ಬ ರಿವ್ಯೂ ಮಾಡದೆ ಎರಡು ದಿನ ಹಾಗೇ ಬಿಟ್ಟ. ಇಬ್ಬರನ್ನೂ ಕರೆದು ಕೂರಿಸಿ ಮಾತಾಡಿಸಬಹುದಿತ್ತು. ಆದರೆ ಮಾತಾಡಿಸಿದರೆ ನೀವು ಯಾವ ಕಡೆ ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ಸುಲಭದ ದಾರಿ ಹಿಡಿದೆ. ಗ್ರೂಪಿನಲ್ಲಿ ಕೆಲಸದ ವಿಷಯ ಬಿಟ್ಟು ಬೇರೆ ಏನೂ ಬೇಡ, ಊಟದ ಟೇಬಲ್ಲಿನಲ್ಲೂ ಇಂಥ ಚರ್ಚೆ ಬೇಡ ಎಂದು ಮೇಲ್ ಕಳಿಸಿದೆ. ಅದಕ್ಕೆ ‘ತಟಸ್ಥ ಧೋರಣೆ’ ಎಂದು ನನ್ನೊಳಗೇ ಹೆಸರಿಟ್ಟುಕೊಂಡೆ. ವಾರದೊಳಗೆ ಗ್ರೂಪು ತಣ್ಣಗಾಯಿತು. ಹುಟ್ಟುಹಬ್ಬದ ಶುಭಾಶಯಗಳೂ ನಿಂತವು. ನಾನಿಲ್ಲದ ಎರಡು ಗ್ರೂಪುಗಳು ಹುಟ್ಟಿಕೊಂಡಿವೆಯೆಂದು ತಡವಾಗಿ ಗೊತ್ತಾಯಿತು. ಕ್ಯಾಂಟೀನಿನಲ್ಲಿ ನಾನು ತಟ್ಟೆ ಹಿಡಿದು ಬಂದರೆ ಎಲ್ಲರ ಊಟ ಮುಗಿದಿರುತ್ತಿತ್ತು. ಬೆಳಗಿನ ಸ್ಟ್ಯಾಂಡಪ್ಪಿನಲ್ಲಿ ಒಬ್ಬೊಬ್ಬರಾಗಿ ‘ನೋ ಬ್ಲಾಕರ್ಸ್’ ಅನ್ನುತ್ತಿದ್ದರು. ಎಷ್ಟು ಸುಸೂತ್ರವಾಗಿ ನಡೆದಿದೆ ಎಂದು ಹಿಗ್ಗಿದೆ.

ಮುಂದಿನ ರಿಲೀಸು ಗ್ರಾಹಕರ ಹತ್ತಿರ ಹೋಗಿ ಬಿತ್ತು. ಆ ದೋಷ ತಂಡದ ಮೂವರಿಗೆ ಒಂದು ವಾರ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಬಾಗಲಕೋಟೆಯ ಹುಡುಗಿ ನೆಲ ನೋಡುತ್ತ ಅಂದಳು: “ಸರ್, ನೀವೇ ಮಾತು ಬ್ಯಾಡ ಅಂದಿದ್ರಲ್ರೀ.”

ಕೆಲಸದ ಮಾತು ಬೇಡ ಎಂದು ನಾನೆಲ್ಲಿ ಹೇಳಿದ್ದೆ? ಹೇಳಿರಲಿಲ್ಲ. ಆದರೆ ಯಾವ ಮಾತು ಸುರಕ್ಷಿತ, ಯಾವುದು ಅಲ್ಲ ಎಂದು ಅಳೆಯಲು ಒಮ್ಮೆ ಕೂತರೆ ಜನ ಎಲ್ಲ ಮಾತನ್ನೂ ಅಳೆಯುತ್ತಾರೆ. ತುಘಲಕ್ ನಾಟಕದ ಉತ್ತರಾರ್ಧವೆಲ್ಲ ಈ ಅಳತೆಯಲ್ಲೇ ನಡೆಯುತ್ತದೆ. ಸುಲ್ತಾನನ ಸಂಗಡ ಅಳೆಯದೆ ಮಾತಾಡುವವನು ಕೊನೆಗೆ ಅಜೀಜನೊಬ್ಬನೇ. ವೇಷ ಹಾಕಿ ಇಡೀ ರಾಜ್ಯಕ್ಕೆ ಮೋಸ ಮಾಡಿದ ಅಗಸ. ಅವನ ಮಾತು ಕೇಳಿ ಸುಲ್ತಾನ ಶಿಕ್ಷೆಯ ಬದಲು ದಖ್ಖನಿನಲ್ಲಿ ಅಧಿಕಾರ ಕೊಡುತ್ತಾನೆ. ಇದನ್ನು ಹುಚ್ಚಾಟವೆಂದು ಓದುವುದುಂಟು. ನನಗೆ ಅದು ಹಸಿವು ಅನ್ನಿಸುತ್ತದೆ. ಸರಿಸಮನಾಗಿ ಎದುರು ನಿಂತು ಮಾತಾಡುವ ಒಬ್ಬ ಮನುಷ್ಯ ಸಿಕ್ಕಿದ್ದಕ್ಕೆ ಆ ಸುಲ್ತಾನ ಏನು ಬೇಕಾದರೂ ಕೊಟ್ಟಾನು.

ಇನ್ನು ಬರನಿ. ನಾಟಕದಲ್ಲಿ ಅವನು ಮೃದು, ಸಂಕೋಚದವನು, ಸುಲ್ತಾನನ ಆತ್ಮಸಾಕ್ಷಿಯಂತೆ ಇರುವವನು. ಐದು ವರ್ಷದ ನಂತರ, ದೌಲತಾಬಾದಿನ ಕೋಟೆಯ ಮೇಲೆ ಒಂದು ರಾತ್ರಿ, ರಾಜ್ಯ ಬಿಟ್ಟು ವಿದ್ವಾಂಸರ ನಡುವೆ ಇರಿ ಎಂಬರ್ಥದ ಸಲಹೆಯನ್ನು ಕೊಡುವ ಧೈರ್ಯವನ್ನೂ ಮಾಡುತ್ತಾನೆ. ಕೊನೆಯಲ್ಲಿ ತಾಯಿ ಸತ್ತ ಸುದ್ದಿ ಬಂದಾಗ ಅಪ್ಪಣೆ ಕೇಳಿ ಹೊರಟು ಹೋಗುತ್ತಾನೆ.

ಇತಿಹಾಸದ ಜಿಯಾಉದ್ದೀನ ಬರನಿಯ ಕಥೆ ಬೇರೆ. ಅವನು ಸುಲ್ತಾನನ ಒಡನಾಡಿಯಾಗಿ 17 ವರ್ಷಕ್ಕೂ ಮೇಲ್ಪಟ್ಟು ಆಸ್ಥಾನದಲ್ಲಿದ್ದ, 1351ರಲ್ಲಿ ಸುಲ್ತಾನ ಸಾಯುವ ತನಕ ಬಿಟ್ಟು ಹೋಗಲಿಲ್ಲ. ಆಮೇಲೆ ಆಸ್ಥಾನದಿಂದ ಹೊರಬಿದ್ದು, ಬಡತನದಲ್ಲಿ, ಎಪ್ಪತ್ತು ದಾಟಿದ ಮೇಲೆ ‘ತಾರೀಖ್-ಇ-ಫಿರೋಜ್ ಶಾಹಿ’ ಬರೆದ. ಅದು ಮುಗಿದದ್ದು 1357ರಲ್ಲಿ. ಮೃದುವಂತೂ ಅಲ್ಲ. ಕೀಳು ಕುಲದವರ ಬಗ್ಗೆ, ಹಿಂದೂಗಳ ಬಗ್ಗೆ ಅವನ ಧೋರಣೆ ಕಠೋರವಾದದ್ದು. ಆದರೆ ಆ ಗ್ರಂಥದಲ್ಲಿ ಅವನೊಂದು ತಪ್ಪೊಪ್ಪಿಗೆ ಬರೆದಿದ್ದಾನೆ. ಧರ್ಮ ಒಪ್ಪದ ಶಿಕ್ಷೆಗಳು ಕಣ್ಣೆದುರು ನಡೆಯುವಾಗಲೂ ಜೀವಭಯಕ್ಕೆ, ಹಣದಾಸೆಗೆ ನಾವು ಸುಲ್ತಾನನಿಗೆ ಸತ್ಯ ಹೇಳಲಿಲ್ಲ ಎಂಬುದು ಅದರ ತಾತ್ಪರ್ಯ. ಕಾರ್ನಾಡರು ಈ ಬರನಿಗೆ ಗೌರವದ ನಿರ್ಗಮನವೊಂದನ್ನು ದಯಪಾಲಿಸಿದ್ದಾರೆ. ನಾಟಕಕ್ಕೆ ಅದು ಬೇಕಿತ್ತು, ನಿಜ. ಕೊನೆಗೆ ಸುಲ್ತಾನ ಒಬ್ಬನೇ ಉಳಿಯಬೇಕಲ್ಲ. ಆದರೂ ಹೋಗದೆ ಉಳಿದ, ಕೂತು ತಲೆದೂಗಿದ, ಸಂಬಳ ತೆಗೆದುಕೊಂಡ ಬರನಿ ರಂಗದ ಮೇಲೆ ಬಂದಿದ್ದರೆ ನಾಟಕ ನಮ್ಮಂಥವರನ್ನು ಇನ್ನಷ್ಟು ಹಿಂಡುತ್ತಿತ್ತು. ನಾವು ಪ್ರೇಕ್ಷಕರು ಬರನಿಗಳಲ್ಲದೆ ಮತ್ತೇನು? ಸುಲ್ತಾನನೊಂದಿಗೆ ತಮ್ಮನ್ನು ಹೋಲಿಸಿಕೊಂಡು ಎದೆಯುಬ್ಬಿಸುವುದು ಸುಲಭ. ನಾನೂ ಈಗ ಮೇಲೆ ಅದನ್ನೇ ಮಾಡಿದೆ. ನನ್ನ ಮೇಲಿನವರ ಎದುರು ನಾನು ಎಷ್ಟು ಸಲ ‘ನೋ ಬ್ಲಾಕರ್ಸ್’ ಅಂದಿದ್ದೇನೆ ಎಂಬ ಲೆಕ್ಕ ಬರೆಯಲಿಲ್ಲ.

ನಾಟಕದ ಮೇಲೆ ನನ್ನ ಇನ್ನೊಂದು ತಕರಾರೂ ಇದೇ ಜಾಡಿನದು. ಒಳ್ಳೆಯ ಮಾತುಗಳೆಲ್ಲ ಸುಲ್ತಾನನ ಪಾಲಾಗಿವೆ. ಸಿ.ಆರ್. ಸಿಂಹ ಅವರಂಥ ನಟರು ಆ ಮಾತುಗಳಿಂದ ಸಭಾಂಗಣವನ್ನೇ ಗೆದ್ದರು. ಆದರೆ ದಿಲ್ಲಿಯಿಂದ ದೌಲತಾಬಾದಿಗೆ ಸಾವಿರ ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ, ಕಾಯಿಲೆಯ ಕೂಸನ್ನು ಹೊತ್ತು ವೈದ್ಯನಲ್ಲಿಗೆ ಹೋಗಲು ಬಿಡಿ ಎಂದು ಅಂಗಲಾಚುವ ಹೆಂಗಸಿಗೆ ಸಿಕ್ಕಿರುವುದು ನಾಲ್ಕೇ ಮಾತು. ಅಜೀಜ ಅವಳಲ್ಲಿ ಲಂಚ ಕೇಳುತ್ತಾನೆ, ದೃಶ್ಯ ಮುಂದೆ ಸಾಗುತ್ತದೆ. ಊರು ಬಿಟ್ಟು ಬಂದವರಾದ ನಮಗೆ ಆ ಹೆಂಗಸಿನ ನಾಟಕ ಬೇಕಿತ್ತು. ಒಬ್ಬನ ಒಂಟಿತನಕ್ಕೆ ಇಷ್ಟೊಂದು ಕವಿತ್ವ, ಅವನು ಒಂಟಿಯಾಗಿಸಿದ ಸಾವಿರಾರು ಜನಕ್ಕೆ ಒಂದು ದೃಶ್ಯ! ಮಲತಾಯಿಯ ಪಾತ್ರಕ್ಕೂ ಇದೇ ಗತಿ. ಅವಳು ನಜೀಬನನ್ನು ಕೊಲ್ಲಿಸುವುದು, ಅದಕ್ಕೆ ಕಲ್ಲೇಟಿನ ಸಾವು ಪಡೆಯುವುದು, ಎಲ್ಲ ಅವಸರದಲ್ಲಿ ಮುಗಿಯುತ್ತದೆ.

ಡಿಸೆಂಬರಿನಲ್ಲಿ ಮಗಳನ್ನು ಕರೆದುಕೊಂಡು ದೌಲತಾಬಾದಿಗೆ ಹೋಗಿದ್ದೆ. ಪುಣೆಯಿಂದ ಸುಮಾರು 250 ಕಿ.ಮೀ., ಎಲ್ಲೋರಾದ ದಾರಿಯಲ್ಲೇ ಇದೆ. ಕಂದಕ ದಾಟಿದ ಮೇಲೆ ‘ಅಂಧೇರಿ’ ಎಂಬ ಕತ್ತಲ ಸುರಂಗ ಬರುತ್ತದೆ. ಬಾವಲಿಗಳ ವಾಸನೆ, ಅಂಕುಡೊಂಕು ಮೆಟ್ಟಿಲು. ಶತ್ರು ದಿಕ್ಕು ತಪ್ಪಲಿ ಎಂದೇ ಕೊರೆದದ್ದು. ನಾಟಕದ ಮುದಿ ಕಾವಲುಗಾರ ಈ ಕೋಟೆಯನ್ನು ಹೊರಗಿನಿಂದ ಯಾರೂ ಗೆಲ್ಲಲಾರರು, ಬಿದ್ದರೆ ಒಳಗಿನಿಂದಲೇ ಎನ್ನುತ್ತಾನೆ. ಗೈಡು ಟಾರ್ಚು ಆರಿಸಿ ಕತ್ತಲೆ ತೋರಿಸಿದ. ಮಗಳು ನನ್ನ ಅಂಗಿ ಹಿಡಿದು, “ಅಪ್ಪಾ, ಒಳಗಿದ್ದೋರಿಗೆ ಹೊರಗಿಂದ ಯಾರು ಬರ್ತಿದಾರೆ ಅಂತ ಹೆಂಗ ಕಾಣ್ತಿತ್ತು?” ಎಂದಳು. ಗೈಡಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಉತ್ತರ ಬರುತ್ತಿರಲಿಲ್ಲ.

ಕಳೆದ ತಿಂಗಳು ಕೋಥರೂಡಿನ ಒಬ್ಬರ ಮನೆಯಲ್ಲಿ ಏಳೆಂಟು ಜನ ಸೇರಿ ನಾಟಕವನ್ನು ಗಟ್ಟಿಯಾಗಿ ಓದಿದೆವು. ಮಾತು ಬಿಟ್ಟಿದ್ದ ಆ ಇಬ್ಬರನ್ನೂ ಕರೆದಿದ್ದೆ, ಇನ್ನೊಬ್ಬರು ಬರುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಇಬ್ಬರೂ ಬಂದರು, ಎದುರು ಬದಿರು ಮೂಲೆ ಹಿಡಿದು ಕೂತರು. ಸುಲ್ತಾನನ ಪಾತ್ರಕ್ಕೆ ನಾ ಮುಂದು ತಾ ಮುಂದು ಎಂದು ನಾಲ್ವರು ನಿಂತರು. ಬರನಿಯನ್ನು ಓದಲು ಒಬ್ಬರೂ ಇಲ್ಲ, ಹಾಗಾಗಿ ಅದು ನನಗೆ ಬಂತು. ಹಳೆಯ ಅಜೀಜ ಮತ್ತೆ ಅಜೀಜನೇ ಆದರು, ಅವರ ಕಾರಿನ ಜೊತೆಗಾರರು ಸುಲ್ತಾನರಾದರು. ಎಂಟನೆಯ ದೃಶ್ಯ ಮುಗಿಯುವ ಹೊತ್ತಿಗೆ ರಾತ್ರಿ ಹತ್ತೂವರೆ, ಕೆಳಗಿನ ಮನೆಯವರು ಒಮ್ಮೆ ಬಾಗಿಲು ಬಡಿದಿದ್ದರು. ಅಜೀಜನೂ ಸುಲ್ತಾನನೂ ಎದುರಾಗುವ ಕೊನೆಯ ದೃಶ್ಯ ಉಳಿದುಹೋಯಿತು. ಬರುವ ಭಾನುವಾರಕ್ಕೆ ಎಂದುಕೊಂಡು ಎದ್ದೆವು. ಇಬ್ಬರೂ ತಮ್ಮ ತಮ್ಮ ಪ್ರತಿಯಲ್ಲಿ ಪುಟದ ಮೂಲೆ ಮಡಚಿ ಇಟ್ಟುಕೊಂಡದ್ದನ್ನು ನೋಡಿದೆ.