ಸದ್ದು ಮಾಡದ ಹಿಮಕ್ಕೊಂದು ಸಂಗೀತ

ಮಳೆ ಬಗ್ಗೆ ಸಂಗೀತ ಕಟ್ಟೋದು ಸುಲಭ ಅಂತ ನನ್ನ ಅನಿಸಿಕೆ. ಹಂಚು, ತಗಡು, ಬಾಳೆಲೆ ಯಾವುದರ ಮೇಲೆ ಬಿದ್ದರೂ ಮಳೆಯೇ ತಾಳ ಹಾಕಿಬಿಡುತ್ತೆ. ಆದರೆ ಹಿಮ? ಅದು ಬೀಳುವಾಗ ಸದ್ದೇ ಮಾಡಲ್ಲ. ಸದ್ದಿಲ್ಲದ ಚಳಿಗಾಲವನ್ನು ಸ್ವರದಲ್ಲಿ ಹೇಳೋದು ಹೇಗೆ?

ಡೆನ್ಮಾರ್ಕಿನ ಹಾನ್ಸ್ ಅಬ್ರಹಾಮ್ಸೆನ್ ಬರೆದ ‘ಶ್ನೇ’ ಇದಕ್ಕೊಂದು ಉತ್ತರ. ಜರ್ಮನ್ ಭಾಷೆಯಲ್ಲಿ ಶ್ನೇ ಅಂದರೆ ಹಿಮ. 1952ರಲ್ಲಿ ಹುಟ್ಟಿದ ಈತ 1990ರ ದಶಕದಲ್ಲಿ ಹೆಚ್ಚುಕಮ್ಮಿ ಹೊಸದೇನನ್ನೂ ಬರೆಯದೆ ಸುಮ್ಮನಿದ್ದವರು. ಆಗ ಬಾಖ್‌ನ ಕ್ಯಾನನ್‌ಗಳನ್ನು ಬೇರೆ ವಾದ್ಯಗಳಿಗೆ ಹೊಂದಿಸುತ್ತಾ ಕೂತಿದ್ದರು. ಅದರಿಂದ ಮೊಳೆತದ್ದೇ 2008ರಲ್ಲಿ ಪೂರ್ತಿಯಾದ ಈ ಕೃತಿ: ಒಂಬತ್ತು ವಾದ್ಯಗಾರರು, ಹತ್ತು ಕ್ಯಾನನ್.

ಒಂದು ದನಿ ಹಾಡಿದ್ದನ್ನೇ ಇನ್ನೊಂದು ದನಿ ಸ್ವಲ್ಪ ತಡವಾಗಿ ಹಿಂಬಾಲಿಸಿದರೆ ಅದು ಕ್ಯಾನನ್. ಇಲ್ಲಿ ಕ್ಯಾನನ್‌ಗಳೂ ಜೋಡಿ ಜೋಡಿ. ಮೊದಲನೆಯದು ನುಡಿಸಿದ್ದನ್ನೇ ಎರಡನೆಯದು ಬೇರೆ ಬಣ್ಣದಲ್ಲಿ ಮತ್ತೆ ನುಡಿಸುತ್ತೆ. ನಮ್ಮ ಕೋಡ್ ರಿವ್ಯೂನಲ್ಲಾದರೆ ‘ಡೂಪ್ಲಿಕೇಟ್, ತೆಗೀರಿ’ ಅಂತ ಕಾಮೆಂಟ್ ಬೀಳೋದು ಗ್ಯಾರಂಟಿ. ಆದರೆ ಮ್ಯಾಜಿಕ್ ಐ ಚಿತ್ರ ನೆನಪಿದೆಯಾ? ಕಣ್ಣು ಸಡಿಲ ಬಿಟ್ಟು ನೋಡಿದರೆ ಎರಡು ಚಿತ್ರ ಸೇರಿ ಆಳವಿರುವ ಮೂರನೆಯದೊಂದು ಕಾಣುತ್ತೆ. ಅಬ್ರಹಾಮ್ಸೆನ್‌ಗೆ ಬೇಕಾಗಿರೋದೂ ಅದೇ. ಎರಡನೇ ಸಲ ಕೇಳುವಾಗ ಮೊದಲ ಸಲದ್ದು ಇನ್ನೂ ಕಿವಿಯಲ್ಲಿರುತ್ತೆ. ಎರಡರ ನಡುವೆ ಏನೋ ಹುಟ್ಟುತ್ತೆ.

ಶುರುವಿನಲ್ಲಿ ಪಿಟೀಲು ಕೂದಲೆಳೆಯಷ್ಟು ತೆಳ್ಳಗೆ, ತೀರಾ ಮೇಲಿನ ಸ್ವರದಲ್ಲಿ. ಆಮೇಲೆ ತಾಳವಾದ್ಯದವರು ಮೇಜಿನ ಮೇಲೆ ಕಾಗದ ಉಜ್ಜುತ್ತಾರೆ. ಅಷ್ಟೇ! ಬರೀ ಸರಸರ. ಇಡೀ ಕೃತಿಯಲ್ಲಿ ನನಗೆ ಹಿಮ ಕೇಳಿಸಿದ್ದು ಅಲ್ಲೇ. ನಡುನಡುವೆ ವಾದ್ಯಗಳ ಶ್ರುತಿ ಬದಲಿಸುವ ಮೂರು ಚಿಕ್ಕ ಭಾಗಗಳಿವೆ. ನಮ್ಮ ಕಛೇರಿಯಲ್ಲಿ ಶ್ರುತಿ ಮಾಡೋದು ತಯಾರಿ, ಇಲ್ಲಿ ಅದೂ ಸಂಗೀತವೇ. ಆದರೆ ಉದ್ದೇಶ ಉಲ್ಟಾ: ಶ್ರುತಿ ಕೂಡಿಸೋದಲ್ಲ, ಸ್ವಲ್ಪ ಸ್ವಲ್ಪವೇ ಕದಲಿಸೋದು. ಪಿಯಾನೋಗಳು ಮಾತ್ರ ಇದ್ದಲ್ಲೇ ಇರುತ್ತವೆ. ಹಾಗಾಗಿ ಪರಿಚಯದ ಸ್ವರವೇ ಬರಬರುತ್ತಾ ಪರಕೀಯ ಅನಿಸುತ್ತೆ.

ನನ್ನ ತಕರಾರು ನಾಲ್ಕನೇ ಜೋಡಿಯ ಬಗ್ಗೆ. ಅಲ್ಲಿ ಹಿಮಗಾಡಿಯ ಗೆಜ್ಜೆ ಸದ್ದು ಬರುತ್ತೆ, ಮೊಜಾರ್ಟ್‌ಗೆ ನಮಸ್ಕಾರವಂತೆ. ಅಲ್ಲಿಯವರೆಗೆ ಏನನ್ನೂ ತೋರಿಸದೆ ಎಲ್ಲವನ್ನೂ ಕಾಣಿಸಿದ ಸಂಗೀತ, ಇದ್ದಕ್ಕಿದ್ದಂತೆ ಕ್ರಿಸ್‌ಮಸ್ ಕಾರ್ಡ್ ಹಿಡಿದು ನಿಂತಂತಾಗುತ್ತೆ. ಬೇಕಿರಲಿಲ್ಲ.

ಆದರೂ ಕೃತಿ ಗೆಲ್ಲೋದು ಕಾಲದ ಲೆಕ್ಕದಲ್ಲಿ. ಮೊದಲ ಜೋಡಿಯ ಒಂದೊಂದು ಕ್ಯಾನನ್ ಸುಮಾರು 9 ನಿಮಿಷ. ಆಮೇಲೆ 7, 5, 3, ಕೊನೆಗೆ 1. ಮೊದಲಿಗೆ ‘ಯಾವಾಗಪ್ಪಾ ಮುಗಿಯೋದು’ ಅನಿಸುತ್ತೆ. ಕಿವಿ ಪಳಗೋ ಹೊತ್ತಿಗೆ ಉಳಿದಿರೋದು ಎರಡೇ ನಿಮಿಷ. ವಯಸ್ಸು ಮೂವತ್ತು ದಾಟಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಆನ್ಸಾಂಬ್ಲ್ ರೆಶೆರ್ಶ್ ತಂಡದ ರೆಕಾರ್ಡಿಂಗ್ ಸಿಗುತ್ತೆ. ಹೆಚ್ಚುಕಮ್ಮಿ ಒಂದು ಗಂಟೆ. ಕೆಲಸ ಮಾಡ್ತಾ ಹಿನ್ನೆಲೆಗೆ ಹಾಕ್ಕೋಬೇಡಿ, ಎಸಿ ಸದ್ದಿನಲ್ಲೇ ಕರಗಿ ಹೋಗುತ್ತೆ. ರಾತ್ರಿ ಹತ್ತರ ಮೇಲೆ, ಫ್ಯಾನ್ ಆಫ್ ಮಾಡಿ ಕೇಳಿ.