ಮುಳುಗಿಸಿ ತೂಗಿದರೆ ತಿಳಿಯುವುದೆಷ್ಟು?

ಕಲ್ಲು ಕೂಡಿಡುವವರನ್ನು ಬಿಳಿ ಕಲ್ಲುಗಳಷ್ಟು ಸತಾಯಿಸುವುದು ಬೇರೊಂದಿಲ್ಲ. ಬೆಣಚು, ಕ್ಯಾಲ್ಸೈಟ್, ಫೆಲ್ಡ್‌ಸ್ಪಾರ್, ಬರೈಟ್ ನಾಲ್ಕನ್ನೂ ಸಾಲಾಗಿಟ್ಟರೆ ಪಳಗಿದ ಕಣ್ಣೂ ತಡವರಿಸುತ್ತದೆ. ಕೈಗೆತ್ತಿಕೊಂಡರೆ ಮಾತ್ರ ಬರೈಟ್ ಸಿಕ್ಕಿಬೀಳುತ್ತದೆ: ಗಾತ್ರಕ್ಕೆ ಮೀರಿದ ಭಾರ. ಅದರ ಸಾಪೇಕ್ಷ ಸಾಂದ್ರತೆ 4.5, ಅಂದರೆ ಅಷ್ಟೇ ಗಾತ್ರದ ನೀರಿನ ನಾಲ್ಕೂವರೆ ಪಟ್ಟು ತೂಕ. ಉಳಿದ ಮೂರೂ 2.5ರಿಂದ 2.8ರೊಳಗೆ. ಎಣ್ಣೆ ಬಾವಿ ಕೊರೆಯುವಾಗ ಬಳಸುವ ಕೆಸರಿನ ತೂಕ ಹೆಚ್ಚಿಸಲು ಆಂಧ್ರದ ಮಂಗಂಪೇಟೆಯ ಬರೈಟ್‌ಗೆ ಬೇಡಿಕೆ ಇರುವುದೂ ಈ ಭಾರದಿಂದಲೇ.

ಕೈಯಂದಾಜನ್ನು ಅಂಕಿಗಿಳಿಸಲು ಅಡುಗೆಮನೆಯ ಡಿಜಿಟಲ್ ತಕ್ಕಡಿ, ಪಾತ್ರೆಯಲ್ಲಿ ನೀರು, ಒಂದೆಳೆ ದಾರ ಸಾಕು. ಮೊದಲು ಒಣ ಕಲ್ಲನ್ನು ತೂಗಬೇಕು. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ದಾರಕ್ಕೆ ಕಟ್ಟಿದ ಕಲ್ಲನ್ನು ತಳಕ್ಕೂ ಅಂಚಿಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ಕಾಣುವ ಅಂಕಿ ಕಲ್ಲು ಸರಿಸಿದ ನೀರಿನ ತೂಕ. ಮೊದಲಿನದನ್ನು ಇದರಿಂದ ಭಾಗಿಸಿದರೆ ಆಯಿತು. 180 ಗ್ರಾಂ ಕಲ್ಲು 40 ತೋರಿಸಿದರೆ 4.5, 106 ಗ್ರಾಮಿನದು 40 ತೋರಿಸಿದರೆ 2.65. ಮೈಗಂಟಿದ ಗಾಳಿಗುಳ್ಳೆಗಳು ಲೆಕ್ಕ ಕೆಡಿಸುತ್ತವೆ. ಕಲ್ಲನ್ನು ನೀರಲ್ಲೇ ಒಮ್ಮೆ ಕುಲುಕಿ ಬಿಡಿಸಬೇಕು.

2.65 ಬಂತೆಂದು ಕೂಡಲೇ ಬೆಣಚು ಎಂದು ಚೀಟಿ ಅಂಟಿಸುವಂತಿಲ್ಲ. ಕೆಲವು ಫೆಲ್ಡ್‌ಸ್ಪಾರ್‌ಗಳೂ ಅಷ್ಟೇ ತೂಗುತ್ತವೆ. ಬರೈಟ್ ಅಲ್ಲ ಎಂಬುದಷ್ಟೇ ಖಚಿತ. ಮುಂದಿನದನ್ನು ಒಡೆದ ಮೈ ಹೇಳಬೇಕು: ಫೆಲ್ಡ್‌ಸ್ಪಾರ್ ಚಪ್ಪಟೆಯಾಗಿ ಸೀಳುತ್ತದೆ, ಬೆಣಚು ಚಿಪ್ಪಿನ ಒಳಮೈಯಂತೆ ಬಾಗಿ ಒಡೆಯುತ್ತದೆ.

ಹರಳಿನ ಪೇಟೆಯಲ್ಲಿ ಈ ಪರೀಕ್ಷೆಗೆ ಬೆಲೆ ಇನ್ನೂ ಹೆಚ್ಚು. 11ನೇ ಶತಮಾನದಲ್ಲೇ ಅಲ್‌ಬಿರೂನಿ ರತ್ನಗಳು ಸರಿಸಿದ ನೀರನ್ನು ತೂಗಿ ಪಟ್ಟಿ ಮಾಡಿದ್ದ. ಈಗ ಪುಷ್ಯರಾಗವೆಂದು ಕೈಗಿಡುವ ಹಳದಿ ಹರಳು ಹಳದಿ ಸಫೈರ್ ಆಗಿದ್ದರೆ 4.0, ಟೋಪಾಜ್ ಆದರೆ 3.5ರ ಆಸುಪಾಸು, ಸಿಟ್ರಿನ್ ಆದರೆ 2.65. ಒಂದು ಗ್ರಾಮಿನ, ಅಂದರೆ ಐದು ಕ್ಯಾರೆಟ್ಟಿನ ಸಫೈರ್ ಸರಿಸುವ ನೀರು 0.25 ಗ್ರಾಂ, ಸಿಟ್ರಿನ್ ಸರಿಸುವುದು ಸುಮಾರು 0.38. ಇದಕ್ಕೆ ಮಿಲಿಗ್ರಾಂ ಅಳೆಯುವ ತಕ್ಕಡಿಯೇ ಬೇಕು, ಹರಳೂ ಆಭರಣದಿಂದ ಬಿಡಿಯಾಗಿರಬೇಕು.

ಆದರೆ 1902ರಲ್ಲಿ ಫ್ರಾನ್ಸಿನ ವೆರ್ನ್ಯೂಯಿ ಪ್ರಕಟಿಸಿದ ವಿಧಾನದಲ್ಲಿ, ಜ್ವಾಲೆಯಲ್ಲಿ ಪುಡಿ ಕರಗಿಸಿ ಬೆಳೆಸಿದ ಸಫೈರ್ ಕೂಡ 4.0 ತೂಗುತ್ತದೆ. ಅದನ್ನು ಹಿಡಿಯಲು ಭೂತಗನ್ನಡಿಯಲ್ಲಿ ಒಳಗಿನ ಬೆಳವಣಿಗೆಯ ಗೆರೆ ಹುಡುಕಬೇಕು: ಗಣಿಯದರಲ್ಲಿ ನೇರ, ಕುಲುಮೆಯದರಲ್ಲಿ ಬಾಗು.